ಸೆರೆಯಲ್ಲಿದ್ದ ರೋಗಿಗಳ ಮಿತ್ರನಾದ ಜಾನ್ ಹೋವರ್ಡ್

ಪರದೇಶಿ, ರೋಗಿ, ಸೆರೆಯವನು ಎಂಬೀ ಮೂವರನ್ನು ನಮ್ಮ ಕರ್ತನು ಒಂದೇ ಉಪದೇಶದಲ್ಲಿ ಕೂಡಿಸಿ ಹೇಳಿದ್ದಾನೆ. ಈ ಮೂರು ಅವಸ್ಥೆಗಳೂ ಒಬ್ಬನಿಗೇ ಬಂದರೆ ಅವನನ್ನು ವಿಚಾರಿಸತಕ್ಕವರು ಯಾರು? ಅದನ್ನು ತನ್ನ ಶರೀರದಲ್ಲಿಯೇ ಅನುಭವಿಸಿ ತಿಳಿದ ಒಬ್ಬ ಇಂಗ್ಲಿಷ್ ಭಕ್ತನ ಚರಿತ್ರೆಯನ್ನು ಈ ಸಾರಿ ನಮ್ಮ ಸಭೆಗಳವರ ಮುಂದೆ ಇಡುತ್ತೇವೆ.

ಜಾನ್ ಹೋವರ್ಡನಿಗೆ ತಂದೆಯ ಆಸ್ತಿ ಬಂದಿತ್ತಾದ್ದರಿಂದ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. 1755ರ ಭೂಕಂಪದಿಂದ ಹಾಳಾದ ಲಿಸ್ಬನ್ ಪಟ್ಟಣಕ್ಕೆ ಹೋಗಬೇಕೆಂದು ಅವನು ಮರುವರುಷ ಹಡಗು ಹತ್ತಿದನು. ಫ್ರೆಂಚರು ಆ ಹಡಗನ್ನು ಹಿಡಿದು, ಅದರಲ್ಲಿದ್ದವರನ್ನು ಬ್ರೆಸ್ಟ್ ಎಂಬ ಊರಿನ ಕತ್ತಲೆಕೋಣೆಗೆ ಹಾಕಿದರು. ಮಲಗುವದಕ್ಕೆ ಹುಲ್ಲು ಮಾತ್ರವೇ ಇತ್ತು. ಆ ಪ್ರಾಂತದ ಸೆರೆಗಳಲ್ಲಿ ತನ್ನ ದೇಶದವರು ನೂರಾರು ಮಂದಿ ಸತ್ತರೆಂದು ಅವನು ಮುಂದೆ ಬರೆದನು. ಬಿಡುಗಡೆಯಾದ ಕೂಡಲೆ ಅವನು ಅಧಿಕಾರಿಗಳ ಬಳಿಗೆ ಹೋಗಿ ಉಳಿದವರಿಗೋಸ್ಕರ ವಾದಿಸಿದನು.

1773ರಲ್ಲಿ ಬೆಡ್‌ಫರ್ಡ್ ಸೀಮೆಯ ಷೆರೀಫನಾಗಿ ನೇಮಿಸಲ್ಪಟ್ಟಾಗ ಸ್ವದೇಶದ ಸೆರೆಮನೆಗಳು ಅದಕ್ಕಿಂತ ಬಹಳ ಉತ್ತಮವಾಗಿಲ್ಲವೆಂದು ಕಂಡನು. ಗಲ್ಲಿಗೇರಿಸಲ್ಪಟ್ಟವರಿಗಿಂತ ಸೆರೆಮನೆ ಜ್ವರದಿಂದ ಸತ್ತವರೇ ಹೆಚ್ಚೆಂದು ಅವನ ಎಣಿಕೆ. ಅವನ ಸಾಕ್ಷ್ಯವನ್ನು ಕೇಳಿದ ಪಾರ್ಲಿಮೆಂಟು 1774ರಲ್ಲಿ ಕಾನೂನು ಮಾಡಿತು: ಪ್ರತಿ ಸೆರೆಮನೆಗೆ ಸಂಬಳದ ವೈದ್ಯನು, ರೋಗಿಗಳಾದ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆಗಳು, ಸ್ನಾನಕ್ಕೆ ಅನುಕೂಲ, ವರುಷಕ್ಕೊಮ್ಮೆ ಗೋಡೆಗೆ ಸುಣ್ಣ. ಕಾನೂನು ಕಾಗದದಲ್ಲಿಯೇ ಉಳಿದೀತೆಂಬ ಅನುಮಾನದಿಂದ ಹೋವರ್ಡನು ಅದನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಸೆರೆಮನೆಗಳಿಗೆಲ್ಲಾ ಕಳುಹಿಸಿದನು.

ಆದರೆ ನಮ್ಮ ಮನಸ್ಸಿಗೆ ಹೆಚ್ಚಾಗಿ ನಾಟುವದು 1786ರ ಸಂಗತಿಯೇ. ಆ ಕಾಲದಲ್ಲಿ ಪ್ಲೇಗಿನ ದೇಶಗಳಿಂದ ಬಂದ ಪ್ರಯಾಣಿಕರನ್ನು, ಅವರಲ್ಲಿ ಯಾವ ತಪ್ಪೂ ಇಲ್ಲದಿದ್ದರೂ, ರೇವುಗಳಲ್ಲಿ ಸುಮಾರು ನಾಲ್ವತ್ತು ದಿವಸ ಕೂಡಿಹಾಕುತ್ತಿದ್ದರು. ಒಳಗಿನವರ ಗತಿ ಏನೆಂದು ಹೊರಗಿನಿಂದ ನೋಡಿ ತಿಳಿಯಲಾಗದೆಂದು ಹೋವರ್ಡನು ಸ್ಮಿರ್ನಾ ಪಟ್ಟಣದಲ್ಲಿ, ರೋಗದ ಶಂಕೆಯಿದ್ದ ಹಡಗನ್ನೇ ಹುಡುಕಿ ಹತ್ತಿ ವೆನಿಸಿಗೆ ಬಂದನು. ಅಲ್ಲಿ ಅವನಿಗೆ ಮೇಜು, ಕುರ್ಚಿ, ಮಂಚ ಒಂದೂ ಇಲ್ಲದ ಹುಳುಹುಪ್ಪಟೆಯ ಕೋಣೆ ದೊರೆಯಿತು. ತಲೆನೋವು ಹಿಡಿಯಿತು. ಮತ್ತೊಂದು ಮನೆಗೆ ಸಾಗಿಸಿದರು. ಅದರ ಗೋಡೆಗಳು ಐವತ್ತು ವರುಷಗಳಿಂದ ಶುದ್ಧಿ ಕಂಡಿರಲಿಲ್ಲ. ಕುದಿಯುವ ನೀರಿನಿಂದ ಪದೇ ಪದೇ ತೊಳೆಯಿಸಿದರೂ ನಾತ ಹೋಗಲಿಲ್ಲ, ಅನ್ನ ಸೇರದಾಯಿತು. ಸುಣ್ಣ ಬಳಿಯಬೇಕೆಂದರೆ ಅಲ್ಲಿಯವರು ಒಪ್ಪರು! ನಮ್ಮ ಹಳ್ಳಿಗಳಲ್ಲಿ ಹಬ್ಬ ಬಂತೆಂದರೆ ಬಡವಿಯೂ ಮಾಡುವ ಕೆಲಸಕ್ಕೆ ಅಲ್ಲಿ ಅಷ್ಟು ವಿರೋಧ. ಕಡೆಗೆ ಸುಣ್ಣವನ್ನೂ ಕುಂಚವನ್ನೂ ತರಿಸಿಕೊಂಡು, ಒಂದು ಬೆಳಿಗ್ಗೆ ಗುಟ್ಟಾಗಿ ಬಳಿಯಿಸಿಬಿಟ್ಟನು. ಮಧ್ಯಾಹ್ನದೊಳಗೆ ಅದೇ ಕೋಣೆಯಲ್ಲಿ ಕುಳಿತು ಸುಖವಾಗಿ ಚಹಾ ಕುಡಿದನು. ಕೆಟ್ಟ ಗಾಳಿಯಿಂದಲೇ ಜ್ವರವೆಂದು ಅವನು ನಂಬಿದ್ದನು. ಸೆರೆಮನೆ ಜ್ವರವನ್ನು ಹೇನುಗಳು ಹರಡುತ್ತವೆಂಬದು 1909ರಲ್ಲಿ ಮಾತ್ರ ತಿಳಿದುಬಂತು. ಆದರೂ ಸ್ನಾನ, ಶುದ್ಧಿ ಬೇಕೆಂದು ಅವನು ಹಟ ಹಿಡಿದದ್ದು ಸರಿಯಾಗಿಯೇ ಇತ್ತು. 1789ರಲ್ಲಿ ಈ ಬಂಧನಗೃಹಗಳ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು.

ಅದೇ ವರುಷ ರಷ್ಯಾ ದೇಶಕ್ಕೆ ಹೊರಟು, ಖೆರ್ಸೋನ್ ಪಟ್ಟಣದಲ್ಲಿ ಸಿಪಾಯಿಗಳ ಆಸ್ಪತ್ರೆಗಳನ್ನು ನೋಡುತ್ತಿದ್ದನು. ಅಲ್ಲಿ ಜ್ವರದ ಒಬ್ಬ ಯುವತಿಗೆ ಔಷಧ ಕೊಡಲು ಹೋಗಿ, ತಾನೂ ಮಲಗಿ, 1790ನೇ ಜನವರಿ 20ರಲ್ಲಿ ತೀರಿಕೊಂಡನು. ಗೋರಿಯ ಮೇಲೆ ಸ್ಮಾರಕ ಬೇಡ, ಒಂದು ನೆರಳುಗಡಿಯಾರ ಸಾಕೆಂದು ಕೇಳಿಕೊಂಡಿದ್ದನು. ಪರದೇಶದ ಮಣ್ಣಿನಲ್ಲಿಯೇ ಅವನನ್ನು ಹೂಣಿಟ್ಟರು.