ಸಂಸಾರಿ ಡಿ.ವಿ.ಜಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಮೂಟೆ ಹೊತ್ತು ಬೆಂಗಳೂರಿನ ಬಸವನಗುಡಿ ಪರಿಷೆಗೆ ಹೋಗುವ ರೈತ ಬಾಂಧವರಿಗೆ ಡಿ.ವಿ.ಜಿ. ರಸ್ತೆ ಗೊತ್ತಿರುತ್ತದೆ. ಮಂಕುತಿಮ್ಮನ ಕಗ್ಗ ಬರೆದ ಡಿ.ವಿ. ಗುಂಡಪ್ಪನವರ ಹೆಸರು ಅದು. ಕಗ್ಗ ಬಲ್ಲವರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅವರು ಸಂಸಾರ ನಡೆಸಿದ ರೀತಿ ಬಲ್ಲವರು ಕಡಿಮೆ.

ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಓದು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಬೆಂಗಳೂರಿಗೆ ಬಂದು ಪತ್ರಿಕಾ ವೃತ್ತಿ ಹಿಡಿದರು. ಮಳೆ ನಂಬಿದ ಹೊಲದಂತೆ ಆ ಕಾಲದ ಪತ್ರಿಕೆಯ ಆದಾಯವೂ ಒಂದು ವರ್ಷ ಉಂಟು, ಒಂದು ವರ್ಷ ಇಲ್ಲ. ದಿವಾನರ ಪರಿಚಯವಿದ್ದರೂ ಅದನ್ನು ಮನೆಯ ಅನುಕೂಲಕ್ಕೆ ಬಳಸಿಕೊಳ್ಳಲಿಲ್ಲ.

ಈ ಹಟದ ಭಾರ ಹೊತ್ತವರು ಪತ್ನಿ ಭಾಗೀರಥಮ್ಮನವರು. ಒಮ್ಮೆ ಬಂಧುಗಳ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳಿಸಿ ತಾವು ಮನೆಯಲ್ಲೇ ಉಳಿದರಂತೆ. ಇದ್ದ ಸೀರೆ ಹರಿದಿತ್ತು. ಅದನ್ನುಟ್ಟು ನಾಲ್ಕು ಜನರ ಮುಂದೆ ನಿಂತರೆ ಗಂಡನ ಹೆಸರಿಗೆ ಕುಂದು ಎಂಬುದು ಅವರು ಕೊಟ್ಟ ಕಾರಣ. ಸಾಲ ತಂದು ಸೀರೆ ಕೊಡಿಸಿರೆಂದು ಆ ತಾಯಿ ಕೇಳಲಿಲ್ಲ. ಈ ಪ್ರಸಂಗ ಇಂದಿಗೂ ಜನರ ಬಾಯಲ್ಲಿದೆ.

ಗುಂಡಪ್ಪನವರಿಗೆ ನಲವತ್ತು ತುಂಬುವ ಮೊದಲೇ ಭಾಗೀರಥಮ್ಮ ತೀರಿಕೊಂಡರು. ಮಕ್ಕಳು ಇನ್ನೂ ಚಿಕ್ಕವರು. ಆ ವಯಸ್ಸಿನಲ್ಲಿ ಹೆಂಡತಿ ಹೋದರೆ ಮತ್ತೆ ಮದುವೆಯಾಗುವುದು ಅಂದಿನ ರೂಢಿ. ಅವರು ಮರುಮದುವೆಯಾಗಲಿಲ್ಲ. ಮುಂದಿನ ಸುಮಾರು ಅರ್ಧ ಶತಮಾನ ಒಂಟಿಯಾಗಿಯೇ ಕಳೆದರು. ಕಗ್ಗ ಪ್ರಕಟವಾದದ್ದು 1943ರಲ್ಲಿ, ಈ ದುಃಖ ಉಂಡ ಎಷ್ಟೋ ವರ್ಷಗಳ ಮೇಲೆ. ಬಾಳನ್ನು ನೂರು ಬಗೆಯಲ್ಲಿ ತೂಗಿ ನೋಡುವ ಆ ಪದ್ಯಗಳು ಪುಸ್ತಕದ ಓದಿನಿಂದಷ್ಟೇ ಬಂದವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಹಾದಿ ಹಿಡಿದರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟದ ಕಾಡು ಸುತ್ತಿದರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಾದರು. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಇವೆಲ್ಲ ದಕ್ಷಿಣ ಅಮೆರಿಕದ ಕಡೆಯಿಂದ ನಮ್ಮ ಹೊಲಕ್ಕೆ ಬಂದ ಕಥೆಯನ್ನು ತಿಳಿಗನ್ನಡದಲ್ಲಿ ಬರೆದವರು ಇವರೇ. ಪರಿಷೆಯಲ್ಲಿ ನಾವು ರಾಶಿ ಹಾಕುವ ಕಾಯಿಯ ಮೂಲ ಅಷ್ಟು ದೂರದ್ದು! ತಂದೆಗೆ 1967ರಲ್ಲಿ, ಮಗನಿಗೆ 'ಹಸುರು ಹೊನ್ನು' ಪುಸ್ತಕಕ್ಕಾಗಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಗನ ಪ್ರಶಸ್ತಿಯನ್ನು ನೋಡಲು ತಂದೆ ಇರಲಿಲ್ಲ.

1970ರಲ್ಲಿ ಸನ್ಮಾನದೊಡನೆ ಬಂದ 90,000 ರೂಪಾಯಿಯನ್ನು ಗುಂಡಪ್ಪನವರು ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ಬೆಂಗಳೂರಿನಲ್ಲಿ ನಿಧನರಾದರು.

ಮದುವೆ, ಮುಂಜಿ, ತಿಥಿಗೆಂದು ಬೆಳೆಸಾಲದ ಹಣ ಖರ್ಚು ಮಾಡಿ, ಬಿತ್ತನೆಯ ಹೊತ್ತಿಗೆ ಬಡ್ಡಿಗೆ ಕೈಯೊಡ್ಡುವ ಮನೆಗಳನ್ನು ನಾವು ಪ್ರತಿ ಮುಂಗಾರಿನಲ್ಲೂ ನೋಡುತ್ತೇವೆ. ಅಂಥ ಖರ್ಚಿಗೆ ಮುನ್ನ ಭಾಗೀರಥಮ್ಮನವರನ್ನು ಒಮ್ಮೆ ನೆನೆಯಿರಿ. ಹಾಗೆಯೇ, ನಿಮ್ಮ ಮನೆಯಲ್ಲಿಯೂ ಹರಿದ ಸೀರೆಯ ಮಾತನ್ನು ಹೇಳದೆ ನುಂಗಿಕೊಂಡವರು ಇದ್ದಾರೆಯೇ ಎಂದು ಕೇಳಿ ತಿಳಿಯಿರಿ. ಫಸಲಿನ ಹಣ ಕೈಗೆ ಬಂದ ದಿನ ಮೊದಲ ಲೆಕ್ಕ ಅವರದಾಗಲಿ.