ಪರಮಾಣು ಜೋಡಿಸುವ ಕನಸು ಕಂಡಿದ್ದ ಫೈನ್‌ಮನ್

1974ರಲ್ಲಿ ನ್ಯಾನೋ ತಂತ್ರಜ್ಞಾನ ಎಂಬ ಪದ ಹುಟ್ಟುವ ಮೊದಲೇ ಅದರ ಸಾಧ್ಯತೆ ಕಂಡಿದ್ದವರು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು, ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ವಸ್ತು ತಯಾರಿಸಬಹುದು ಎಂದು 1959ರ ಡಿಸೆಂಬರ್ 29ರಂದು ಕ್ಯಾಲ್‌ಟೆಕ್‌ನಲ್ಲಿ ವಾದಿಸಿದರು. ಎರಡು ಸವಾಲು ಒಡ್ಡಿ, ತಲಾ ಸಾವಿರ ಡಾಲರ್ ಬಹುಮಾನ ಘೋಷಿಸಿದರು.

ಇಂಚಿನ 64ನೇ ಒಂದು ಭಾಗದಷ್ಟು ಜಾಗದಲ್ಲಿ ಹಿಡಿಸುವ ಮೋಟಾರ್ ಮರುವರ್ಷವೇ ಸಿದ್ಧವಾಯಿತು. ಆದರೆ ಅದಕ್ಕೆ ಹಳೆಯ ಸಲಕರಣೆಗಳೇ ಸಾಕಾಗಿದ್ದವು. ಫೈನ್‌ಮನ್ ಬಯಸಿದ್ದ ಹೊಸ ತಂತ್ರ ಹುಟ್ಟಲಿಲ್ಲ. ಪುಸ್ತಕದ ಪುಟವನ್ನು 25,000 ಪಟ್ಟು ಕುಗ್ಗಿಸುವ ಇನ್ನೊಂದು ಸವಾಲು ಗೆಲ್ಲಲು 1985 ಬರಬೇಕಾಯಿತು.

1965ರ ನೊಬೆಲ್ ಪುರಸ್ಕೃತ ಫೈನ್‌ಮನ್ 1988ರ ಫೆಬ್ರವರಿ 15ರಂದು ಕ್ಯಾನ್ಸರ್‌ನಿಂದ ನಿಧನರಾದರು. ಮರುವರ್ಷ ಐಬಿಎಂ ವಿಜ್ಞಾನಿಗಳು 35 ಝೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಕಂಪನಿಯ ಹೆಸರು ಬರೆದರು. ಅದನ್ನು ನೋಡಲು ಅವರಿರಲಿಲ್ಲ.