ಯೂಜೆನ್ ಫ್ರೆಸಿನೆ

ಯೂಜೆನ್ ಫ್ರೆಸಿನೆ (೧೩ ಜುಲೈ ೧೮೭೯ – ೮ ಜೂನ್ ೧೯೬೨) ಫ್ರಾನ್ಸ್ ದೇಶದ ಪ್ರಸಿದ್ಧ ಎಂಜಿನಿಯರ್. ಪ್ರಿಸ್ಟ್ರೆಸ್ಡ್ ಕಾಂಕ್ರೀಟನ್ನು ಬಳಕೆಗೆ ತಂದ ಇವರು, ಸೇತುವೆಯ ತೊಲೆ ಹಾಗೂ ಕಂಬಗಳ ನಡುವೆ ಇರಿಸುವ ಉಕ್ಕು-ರಬ್ಬರ್ ಪದರಗಳ ಬೇರಿಂಗಿನ ಮೂಲ ಕಲ್ಪನೆಯನ್ನೂ ನೀಡಿದರು. ಕಟ್ಟಿ ಮುಗಿಸಿದ ಸೇತುವೆಯೂ ವರ್ಷಗಳುದ್ದಕ್ಕೂ ನಿಧಾನವಾಗಿ ಚಲಿಸುತ್ತಿರುತ್ತದೆ ಎಂಬ ಅರಿವು ಇವರ ಸಾಧನೆಗಳಿಗೆ ಆಧಾರವಾಯಿತು.

ಜನನ ಮತ್ತು ಶಿಕ್ಷಣ

ಫ್ರೆಸಿನೆ ಜನಿಸಿದ್ದು ಕೊರೆಜ್ ಪ್ರಾಂತ್ಯದ ಒಬ್ಜಾ ಎಂಬ ಊರಿನಲ್ಲಿ. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ವ್ಯಾಸಂಗ ಮಾಡಿ, ಬಳಿಕ ಸೇತುವೆ ಮತ್ತು ರಸ್ತೆ ನಿರ್ಮಾಣದ ಉನ್ನತ ವಿದ್ಯಾಲಯದಲ್ಲಿ ತರಬೇತಿ ಪಡೆದರು. ಅನಂತರ ಮಧ್ಯ ಫ್ರಾನ್ಸಿನಲ್ಲಿ ಸರ್ಕಾರಿ ಎಂಜಿನಿಯರಾಗಿ ಸೇವೆ ಆರಂಭಿಸಿದರು.

ಲ ವರ್ದ್ರ್ ಸೇತುವೆ

ಆಲಿಯೆ ನದಿಗೆ ಲ ವರ್ದ್ರ್ ಎಂಬಲ್ಲಿ ಇವರು ಮೂರು ಕಮಾನುಗಳ ಕಾಂಕ್ರೀಟ್ ಸೇತುವೆಯನ್ನು ನಿರ್ಮಿಸಿದರು. ಸಂಚಾರ ಆರಂಭವಾದ ಬಳಿಕ ಕಮಾನುಗಳ ನೆತ್ತಿ ದಿನೇ ದಿನೇ ಇಳಿಯತೊಡಗಿತು. ಸೇತುವೆಯೇ ಕುಸಿಯುವ ಅಪಾಯವಿತ್ತು. ಫ್ರೆಸಿನೆ ಕೆಲವೇ ಸಹಾಯಕರೊಡನೆ ಜಾಕ್‌ಗಳಿಂದ ಕಮಾನುಗಳನ್ನು ಎತ್ತಿ ಅದನ್ನು ಉಳಿಸಿದರು. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣ ಕಾಲಕ್ರಮದಲ್ಲಿ ಬದಲಾಗದು ಎಂಬುದು ಅಂದಿನ ನಂಬಿಕೆಯಾಗಿತ್ತು. ಆದರೆ ನಿರಂತರ ಭಾರದಡಿ ಕಾಂಕ್ರೀಟ್ ನಿಧಾನವಾಗಿ ಕುಗ್ಗುತ್ತದೆ ಎಂಬುದನ್ನು ಈ ಘಟನೆ ತೋರಿಸಿತು. ಈ ಗುಣಕ್ಕೆ ಇಂದು ಕ್ರೀಪ್ ಎಂದು ಹೆಸರು.

ಪ್ರಿಸ್ಟ್ರೆಸ್ಡ್ ಕಾಂಕ್ರೀಟ್

ಎಳೆದು ಬಿಗಿದ ಉಕ್ಕಿನಿಂದ ಕಾಂಕ್ರೀಟನ್ನು ಮೊದಲೇ ಅದುಮಿಡುವುದು ಈ ವಿಧಾನದ ತಿರುಳು. ಸಾಧಾರಣ ಉಕ್ಕಿನ ಬಿಗಿತ ಕ್ರೀಪ್‌ನಿಂದಾಗಿ ಬಹುಪಾಲು ಕಳೆದುಹೋಗುತ್ತಿತ್ತು. ಅದಕ್ಕಾಗಿ ಫ್ರೆಸಿನೆ ಅಧಿಕ ಸಾಮರ್ಥ್ಯದ ಉಕ್ಕನ್ನು ಆರಿಸಿಕೊಂಡು, ೧೯೨೮ರಲ್ಲಿ ಜಾನ್ ಸೆಯಾಯ್ ಅವರೊಂದಿಗೆ ಪೇಟೆಂಟ್ ಪಡೆದರು. ೧೯೩೦ರಲ್ಲಿ ತೆರೆದ ಪ್ಲೂಗಾಸ್ತೆಲ್ ಕಮಾನು ಸೇತುವೆ ಮತ್ತು ಮಾರ್ನ್ ನದಿಯ ಮೇಲಿನ ಲ್ಯೂಜಾನ್ಸಿ ಪ್ರಿಸ್ಟ್ರೆಸ್ಡ್ ಸೇತುವೆ ಇವರ ಪ್ರಮುಖ ಕೃತಿಗಳು.

ರಬ್ಬರ್ ಬೇರಿಂಗ್

ಕ್ರೀಪ್ ಮತ್ತು ಉಷ್ಣತೆಯ ಏರಿಳಿತಗಳಿಂದ ಸೇತುವೆಯ ಉದ್ದ ಬದಲಾಗುತ್ತಿರುತ್ತದೆ. ಆದ್ದರಿಂದ ಬೇರಿಂಗ್ ಭಾರವನ್ನೂ ಹೊರಬೇಕು, ಚಲನೆಗೂ ಎಡೆಗೊಡಬೇಕು. ದಪ್ಪ ರಬ್ಬರ್ ತುಂಡು ಭಾರಕ್ಕೆ ಪಕ್ಕಗಳಿಗೆ ಉಬ್ಬುತ್ತದೆ. ತೆಳುವಾದ ರಬ್ಬರ್ ಪದರಗಳ ನಡುವೆ ಉಕ್ಕಿನ ತಗಡುಗಳನ್ನಿಟ್ಟರೆ ಆ ಉಬ್ಬು ತಡೆಯಲ್ಪಟ್ಟು, ಅಡ್ಡ ಚಲನೆ ಮಾತ್ರ ಸುಲಭವಾಗಿ ಉಳಿಯುತ್ತದೆ. ಫ್ರೆಸಿನೆ ಈ ಕಲ್ಪನೆಗೆ ೧೯೫೪ರಲ್ಲಿ ಪೇಟೆಂಟ್ ಪಡೆದರು. ರಬ್ಬರನ್ನು ಉಕ್ಕಿಗೆ ವಲ್ಕನೀಕರಣದಿಂದ ಬೆಸೆಯುವ ಕ್ರಮ ಮುಂದೆ ರೂಢಿಗೆ ಬಂದಿತು.

ದೀರ್ಘಕಾಲದ ಪರೀಕ್ಷೆ

ರಬ್ಬರ್ ಎಷ್ಟು ಕಾಲ ಬಾಳೀತು ಎಂಬ ಸಂಶಯಕ್ಕೆ ಬಳಕೆಯಲ್ಲಿದ್ದ ಸೇತುವೆಗಳೇ ಉತ್ತರ ನೀಡಿವೆ. ಫ್ರೆಸಿನೆ ಅವರಿಗಿಂತ ಬಹಳ ಮೊದಲು, ೧೮೮೯ರಲ್ಲಿ, ಮೆಲ್ಬರ್ನಿನ ರೈಲು ಮೇಲ್ಸೇತುವೆಯೊಂದರಲ್ಲಿ ಇರಿಸಿದ್ದ ಸರಳ ರಬ್ಬರ್ ಹಲ್ಲೆಗಳನ್ನು ಸುಮಾರು ಒಂದು ಶತಮಾನದ ತರುವಾಯ ಪರೀಕ್ಷಿಸಿದಾಗ, ಕ್ಷಯವು ಹೊರಪದರಕ್ಕಷ್ಟೇ ಸೀಮಿತವಾಗಿತ್ತು. ಹಾಗಿದ್ದರೂ ಬಿರುಕು, ಅತಿಯಾದ ಉಬ್ಬು ಅಥವಾ ವಾಲಿಕೆ, ತಗಡಿನಿಂದ ಬಿಡಿಸಿಕೊಳ್ಳುವಿಕೆ, ಸ್ಥಾನ ಜಾರುವಿಕೆ ಇವುಗಳನ್ನು ಸ್ಥಳದಲ್ಲಿಯೇ ಆಗಾಗ ಪರಿಶೀಲಿಸುವುದು ಅವಶ್ಯಕ. ಕೆಟ್ಟ ಬೇರಿಂಗನ್ನು ತೊಲೆಯನ್ನು ಜಾಕ್‌ಗಳಿಂದ ಎತ್ತಿ ಬದಲಾಯಿಸಲಾಗುತ್ತದೆ.

ನಿಧನ

ಫ್ರೆಸಿನೆ ೧೯೬೨ರಲ್ಲಿ ಫ್ರಾನ್ಸಿನ ಸೇಂಟ್ ಮಾರ್ಟಿನ್ ವೆಸುಬಿ ಎಂಬಲ್ಲಿ ನಿಧನರಾದರು.